ಸವೆದ ತೂತು

೧೪ ನವೆಂಬರ್, ಶುಕ್ರವಾರ

ಸೊಸೆಯನ್ನು ಅವಳ ವಿದ್ಯಾರ್ಥಿಗಳ ಎದುರೇ ತಿದ್ದಿದೆ. ನಾನು ಹೇಳಿದ್ದು ಸರಿ, ಅದರಲ್ಲಿ ಅನುಮಾನವಿಲ್ಲ. ಆದರೂ ಮನಸ್ಸು ಕೊರೆಯುತ್ತಿದೆ.

ರಾಜೇಶ್ವರಿ ನಮ್ಮ ಪಡಸಾಲೆಯಲ್ಲಿ ಕಂಪ್ಯೂಟರಿನ ಮೇಲೆ ಯಂತ್ರದ ಭಾಗಗಳನ್ನು ರೂಪಿಸಲು ಕಲಿಸುತ್ತಾಳೆ. ಇವತ್ತು ನಮ್ಮ ಶಾವಿಗೆ ಯಂತ್ರದ ಹಿಡಿಕೆ. ಹೊಸದನ್ನು ಮಾಡಿಸಲು ಹುಡುಗರು ಹಳೆಯದನ್ನು ಅಳೆದು ಮಾಡಿದ ನಕ್ಷೆ ಸಂಜೆಯೇ ಲೋಹ ಕಡೆಯುವ ಲೇತ್ ಅಂಗಡಿಗೆ ಹೋಗುವುದಿತ್ತು. ಅವಳು ನೋಡಿ "ಛಲೋ ಆಗೇತಿ" ಎಂದಿದ್ದಳು. ನಾನು ನೋಡಿದರೆ ನಕ್ಷೆಯಲ್ಲಿ ಹಿಡಿಕೆಯ ತೂತು ತತ್ತಿಯ ಹಾಗೆ ಉದ್ದಕ್ಕಿತ್ತು!

"ಮೂರು ಸಲ ಅಳದೇವ್ರಿ ಅಜ್ಜೀ," ಎಂದಳು ಋತುಜಾ ಎಂಬ ಹುಡುಗಿ.

"ಅಳತಿ ಖರೇ ಐತವಾ. ತೂತು ಸವದೈತಿ. ಯಂತ್ರ ಮನೀಗೆ ಬಂದಾಗ ದುಂಡಗಿತ್ತು. ನಲವತ್ತು ವರ್ಷ ತಿರುವಿದಾಕಿ ನಾನು. ಸವಕಳಿನೂ ನಕಲು ಮಾಡ್ತೀರೇನು?"

ಹುಡುಗರು ನಕ್ಕರು. ರಾಜೇಶ್ವರಿಯ ಮುಖ ಕೆಂಪಾಯಿತು. ಆದರೂ, "ಅತ್ತ್ಯಾರು ಹೇಳಿದ್ದು ಖರೇ. ನನಗೂ ತಿಳೀಲಿಲ್ಲ. ಅದನ್ನ ಅಳಿಸ್ರಿ, ದುಂಡಗ ಮಾಡ್ರಿ," ಎಂದಳು.

ಹೀಗೆ ಎಲ್ಲರ ಎದುರು ತಪ್ಪು ಒಪ್ಪಿಕೊಳ್ಳುವುದು ಈ ಮನೆಯಲ್ಲಿ ನನ್ನಿಂದ ಒಮ್ಮೆಯೂ ಆಗಿಲ್ಲ. ಛಲೋ ಕಲಿಸುತ್ತೀ ಎಂದು ಅವಳಿಗೆ ಹೇಳಬೇಕು. ಅಡಿಗೆಮನೆಯಲ್ಲಿ ಮೆಲ್ಲಗೆ ಹೇಳಿದರೆ ಸಾಲದು. ತಿದ್ದಿದ್ದು ಹುಡುಗರ ಎದುರು, ಹೊಗಳುವುದೂ ಅಲ್ಲೇ ಆಗಬೇಕು. ನಾಳೆ ಹತ್ತಕ್ಕೆ ಪಡಸಾಲೆಗೆ ಹೋಗುತ್ತೇನೆ. ರೂಢಿಯಿಲ್ಲದ ಮಾತು, ಏನೆಂದು ಶುರು ಮಾಡಲಿ...