ತಣ್ಣೀರಿಗೆ ಜಿಡ್ಡು ಹೋಗುತ್ತಾ?

ಮಾರ್ಚ್ 4, ಬೆಳಿಗ್ಗೆ
ಐಸಿಯು. ಕೈ ತೊಳಿ, ಗೌನ್ ಹಾಕು, ಮೊಬೈಲ್ ಆಫ್. ಅಣ್ಣ ಹಾಗೇ ಇದ್ದಾನೆ, ಪ್ರಜ್ಞೆಯಿಲ್ಲದೆ. ಯಾರದೋ ಮನೆಯ ಎಸಿ ರಿಪೇರಿಗೆ ಏಣಿ ಹತ್ತಿ, ಬಿದ್ದು ತಲೆಗೆ ಪೆಟ್ಟಾದವನು. ಮೈಕೆಳಗೆ ತಣ್ಣೀರು ಹರಿಯುವ ಹಾಸು. ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ.
“ಊರಿಗೆಲ್ಲ ತಂಪು ಮಾಡ್ತಿದ್ದ. ಈಗ ಇವನನ್ನೇ ಫ್ರಿಜ್ಜಲ್ಲಿ ಇಟ್ಟಿದಾರಲ್ಲೇ,” ಅಂದಳು ಅಮ್ಮ.
ಮೆದುಳು ಊದಬಾರದು ಅಂತ ಹೀಗೆ — ಅಂದೆ. ನಂಬಲಿಲ್ಲ.

ಮಾರ್ಚ್ 5
ಅನಾಟಮಿ ಕ್ಲಾಸ್ ಬಂಕ್, ಮುಂದಿನ ವಾರ ಎಕ್ಸಾಮ್ ಇದ್ದರೂ. ಮೆಡಿಕಲ್ ಕಾಲೇಜಿನ ಲೈಬ್ರರಿ. ಮೆದುಳಲ್ಲೂ ಕಸ ಹುಟ್ಟುತ್ತದೆ, ಪೆಟ್ಟು ಬಿದ್ದರೆ ಇನ್ನೂ ಜಾಸ್ತಿ. ರಕ್ತನಾಳಗಳ ಪಕ್ಕದಲ್ಲಿ ಹರಿಯುವ ದ್ರವ ಅದನ್ನು ತೊಳೆಯುತ್ತದೆ. ಮೈ ತಣ್ಣಗಿದ್ದರೆ ಆ ಕೆಲಸ ನಿಧಾನವೋ, ಚುರುಕೋ? ಕ್ಲಿಯರ್ ಆಗಿ ಎಲ್ಲೂ ಇಲ್ಲ. ಓದಿದ್ದೆಲ್ಲ ಇಲಿಗಳ ಮೇಲೆ. ಅಮ್ಮನಿಗೆ ಹೇಳಬಾರದಿತ್ತು. ಹೇಳಿದೆ.
“ತಣ್ಣೀರಿಗೆ ಜಿಡ್ಡು ಹೋಗುತ್ತೇನೇ?”
ಮತ್ತೆ ಪುಸ್ತಕ ತೆರೆದೆ.

ಮಾರ್ಚ್ 6, ಮಧ್ಯಾಹ್ನ
ಹೊದಿಕೆಯ ಕೆಳಗೆ ಬಿಸಿನೀರಿನ ಚೀಲಗಳು — ಕಂಕುಳಲ್ಲಿ ಒಂದು, ಪಾದದ ಹತ್ತಿರ ಒಂದು. ಅಮ್ಮ ತುಟಿಗೆ ಬೆರಳಿಟ್ಟಳು. ಅವಳ ಮಾತೇ ಸರಿಯಿದ್ದರೆ? ಸುಮ್ಮನೆ ಹೊರಗೆ ಬಂದೆ.
ಆಮೇಲೆ ಅಲಾರಂ. ಮೈಬಿಸಿ ಜ್ವರದ ಮಟ್ಟಕ್ಕೆ ಏರುತ್ತಿದೆ, ತಲೆಯೊಳಗಿನ ಪ್ರೆಷರ್ ಕೂಡ. ನರ್ಸ್ ಹೊದಿಕೆ ಎತ್ತಿದರು.
“ಯಾರಮ್ಮ ಇಟ್ಟಿದ್ದು? ಹೊಟ್ಟೆನೋವಾ ಇದು, ಶಾಖ ಕೊಡೋಕೆ?”
“ನಾನೇ,” ಅಂದಳು ಅಮ್ಮ. ನನ್ನ ಕಡೆ ನೋಡಲೂ ಇಲ್ಲ.

ಮಾರ್ಚ್ 7
ಡಾಕ್ಟರಿಗೆ ಹೇಳಿಬಿಟ್ಟೆ. ನೋಡಿಯೂ ಸುಮ್ಮನಿದ್ದೆ ಅಂತ. ಕಸದ ವಿಷಯವನ್ನೂ. ಅರ್ಧ ಇಂಗ್ಲಿಷು, ಅರ್ಧ ಅಳು.
“ಪ್ರಶ್ನೆ ಸರಿಯಾಗೇ ಇದೆ. ಉತ್ತರ ನನಗೂ ಗೊತ್ತಿಲ್ಲ. ಆದ್ರೆ ಮನೆಗೆ ನೀರು ನುಗ್ಗಿದಾಗ ಮೊದಲು ನೀರು ನಿಲ್ಲಿಸ್ಬೇಕಮ್ಮ. ಕಸ ಆಮೇಲೆ.”
“ಆ ಚೀಲದಿಂದ ಏನಾದ್ರೂ ಸರ್...”
“ಎದ್ದ ಮೇಲೆ ನೋಡೋಣ.”
ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 16
ಇಷ್ಟು ದಿನ ಡೈರಿ ಬರೆಯಲಾಗಲಿಲ್ಲ. ಮೆಲ್ಲಗೆ ಮೈ ಬೆಚ್ಚಗೆ ಮಾಡಿದರು. ಕಣ್ಣು ಬಿಟ್ಟ. ಈಗ ವಾರ್ಡ್. ನಮ್ಮ ಗುರುತು ಸಿಕ್ಕಿದೆ — ಆದರೆ ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ.
“ಎಕ್ಸಾಮ್ ಹೇಗಾಯ್ತೇ?”
“ಸೂಪರ್ ಅಣ್ಣ.” ಸುಳ್ಳು.
ಎರಡು ಗುಟುಕು ನೀರು. ಮತ್ತೆ, “ಎಕ್ಸಾಮ್ ಹೇಗಾಯ್ತೇ?”
ಈ ಮರೆವು ಏಣಿಯಿಂದ ಬಿದ್ದದ್ದಕ್ಕೋ, ಆ ಚೀಲಗಳಿಂದಲೋ... ಡಾಕ್ಟರ್ ಭುಜ ಕುಣಿಸಿದರು.

ಮಾರ್ಚ್ 18, ಸಂಜೆ
ಇವತ್ತು ನಿಜ ಹೇಳಿದೆ. “ಬರೀಲೇ ಇಲ್ಲ ಅಣ್ಣ. ಇಲ್ಲೇ ಕೂತಿದ್ದೆ.”
“ಕತ್ತೆ! ನಿಮ್ಮಪ್ಪ ಇದ್ದಿದ್ರೆ ಚರ್ಮ ಸುಲೀತಿದ್ರು.”
“ನನಗೊಬ್ಬಳಿಗೇನಾ ಅಪ್ಪ?”
ಅಮ್ಮ ನಕ್ಕಳು. ಅವನಿಗೆ ನಿದ್ದೆ ಹತ್ತಿತು.
ಕಾಯುತ್ತಿದ್ದೇನೆ. ಎದ್ದು ‘ಹೇಗಾಯ್ತು’ ಅಂದರೆ ಅಷ್ಟೂ ಅಳಿಸಿಹೋಗಿದೆ. ‘ಯಾಕೆ ಬರೀಲಿಲ್ಲ’ ಅಂದರೆ — ಪ್ಲೀಸ್, ಹಾಗೆನ್ನಲಿ.
ಅವನಿಗೆ ಎಚ್ಚರವಾಯಿತು. ನನ್ನನ್ನೇ ನೋಡುತ್ತಿದ್ದಾನೆ.
“ಏ ಕತ್ತೆ, ಎಕ್ಸಾಮು—”