ಮಿಸೆಸ್ ಹ್ಯಾಲೊರನ್ ಎಳೆದ ವೃತ್ತ

ಯೂನಿಯನ್ ಸಿಟಿ
೧೬ ಏಪ್ರಿಲ್ ೨೦೦೦

ಪ್ರೀತಿಯ ವಸುಧಕ್ಕನಿಗೆ ಪ್ರಭಾಳ ನಮಸ್ಕಾರಗಳು.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮಗು ಹೋದಮೇಲೆ ಪೆನ್ನು ಹಿಡಿದರೂ ಏನು ಬರೆಯಬೇಕೆಂದೇ ತೋಚುತ್ತಿರಲಿಲ್ಲ. ಏಳು ತಿಂಗಳು ಹೊಟ್ಟೆಯಲ್ಲಿದ್ದವಳಿಗೆ ಒಂದು ದೀಪ ಹಚ್ಚುವ ಶಾಸ್ತ್ರವೂ ಇಲ್ಲ ಎಂದು ಪುರೋಹಿತರು ಫೋನಿನಲ್ಲಿ ಹೇಳಿಬಿಟ್ಟರು. ಅದನ್ನು ನನಗಿನ್ನೂ ನುಂಗಿಕೊಳ್ಳಲು ಆಗಿಲ್ಲ. ನಮ್ಮ ಯಜಮಾನರು ಶೇಷಾದ್ರಿ ಮಹಾಶಯರು ಬೆಳಗ್ಗೆ ಮೆನ್ಲೋ ಪಾರ್ಕಿನ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಬಂದರೂ ಸ್ಟಾಕಿನದೇ ಮಾತು.

ಹಾಗಾಗಿ ಪಕ್ಕದ ಮನೆಯ ಮಿಸೆಸ್ ಹ್ಯಾಲೊರನ್ ಸಹವಾಸವಾಯಿತು. ಎಂಬತ್ತು ದಾಟಿದ ಒಂಟಿ ಜೀವ, ನನ್ನ ಸಾರು ಅಂದರೆ ಪ್ರಾಣ. ಲೈಬ್ರರಿಯಲ್ಲಿದ್ದು ರಿಟೈರ್ ಆದವರು ಅಂತಷ್ಟೇ ಗೊತ್ತಿತ್ತು. ನೋಡಿದರೆ ಪಶ್ಚಿಮದವರ ಮಂತ್ರವಿಧಿಗಳ ಮೇಲೆ ಒಂಬತ್ತು ಪುಸ್ತಕ ಬರೆದಿದ್ದಾರೆ. ಮಾಟ ಗೀಟ ಅಂತ ಹೆದರಬೇಡ. ನೆಲದ ಮೇಲೆ ವೃತ್ತ ಎಳೆದು, ನಾಲ್ಕು ದಿಕ್ಕಿಗೂ ಒಬ್ಬೊಬ್ಬ ದೇವದೂತನನ್ನು ಕರೆದು, ಮಧ್ಯೆ ನಿಂತು ಪ್ರಾರ್ಥಿಸುವುದು. ನಮ್ಮ ದಿಗ್ಬಂಧನದ ಹಾಗೇ. ಹಿಂದೆ ಇದೆಲ್ಲ ಗಂಡಸರ ಗುಪ್ತ ಸಂಘಗಳ ಸೊತ್ತಾಗಿತ್ತಂತೆ. ಈಕೆ ಹಳೆಯ ಲ್ಯಾಟಿನ್ ಗ್ರಂಥಗಳನ್ನೆಲ್ಲ ಓದಿ, ಅಡುಗೆಮನೆಯಲ್ಲಿರುವ ಹೆಂಗಸಿಗೂ ತಿಳಿಯುವಂತೆ ಬರೆದರು. ತಾವು ವರ್ಷವಿಡೀ ಮಾಡಿ ನೋಡದ ಒಂದು ವಿಧಿಯನ್ನೂ ಪುಸ್ತಕಕ್ಕೆ ಹಾಕಿಲ್ಲ. ಸ್ಯಾನ್ ಹೊಸೆಯ ಇಂಜಿನಿಯರ್ ಒಬ್ಬ, ವೆಬ್‌ಸೈಟಿನಲ್ಲಿ ಬಟನ್ ಒತ್ತಿದರೆ ವಿಧಿ ಮುಗಿಯುವಂತೆ ಮಾಡೋಣ ಅಂದನಂತೆ. "ಒತ್ತುವವನು ಎಲ್ಲಿ ನಿಂತಿರುತ್ತಾನಪ್ಪ?" ಎಂದು ಕೇಳಿ ಈಕೆ ಅವನನ್ನು ವಾಪಸು ಕಳಿಸಿದರಂತೆ. ಇಂಥವರು ನನ್ನ ಸಾರಿನ ಪಾತ್ರೆ ತೊಳೆದು ಕೊಡುತ್ತಿದ್ದರಲ್ಲಾ ಎಂದು ನಾನು ಬೆರಗಾಗಿ ಕೂತೆ.

ಮೊನ್ನೆ ಗುರುವಾರ ಸಾರು ಕೊಡಲು ಹೋದಾಗ ಅವರ ಗ್ಯಾರೇಜು ತೆರೆದಿತ್ತು. ನೆಲದ ಮೇಲೆ ಸೀಮೆಸುಣ್ಣದ ದೊಡ್ಡ ವೃತ್ತ, ಒಂದು ಕಡೆ ಮಾತ್ರ ಗೆರೆ ಕೂಡಿರಲಿಲ್ಲ. ರಂಗೋಲಿ ಹಾಗೆ ಬಾಯಿ ಬಿಟ್ಟುಕೊಂಡಿದ್ದರೆ ನಮ್ಮಜ್ಜಿ ಸುಮ್ಮನಿರುತ್ತಿದ್ದರೇ? ನನಗೂ ಕೈ ತಡೆಯಲಿಲ್ಲ. ಚಪ್ಪಲಿ ಬಿಟ್ಟು, ವೃತ್ತದೊಳಗೆ ಕೂತು, ಅಲ್ಲೇ ಬಿದ್ದಿದ್ದ ಸೀಮೆಸುಣ್ಣದಿಂದ ಗೆರೆ ಕೂಡಿಸಿದೆ. ನಡುವೆ ಒಂದು ಪದ್ಮವನ್ನೂ ಬರೆದುಬಿಟ್ಟೆ. ತಲೆ ಎತ್ತಿದರೆ ಬಾಗಿಲಲ್ಲಿ ಮಿಸೆಸ್ ಹ್ಯಾಲೊರನ್. ನಾನು ಗಡಬಡಿಸಿ ಎದ್ದು ನಿಂತೆ. "ಅದು ನಾನು ಒಳಗೆ ಬರಲು ಬಿಟ್ಟುಕೊಂಡಿದ್ದ ದಾರಿ. ಒಳಗಿದ್ದು ಮುಚ್ಚಿದವರೇ ವಿಧಿ ಮಾಡಬೇಕು. ಈಗ ಇದು ನಿನ್ನದು. ಯಾರಿಗಾಗಿ ಮಾಡುತ್ತೀ?" ಎಂದು ಕೇಳಿದರು.

ಮಗುವಿಗಾಗಿ ಅಂದೆ. ಆಕೆ ಸಮಾಧಾನದ ಮಾತು ಆಡಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ, ವೃತ್ತದ ಹೊರಗೇ ಸುತ್ತಿ ಬಂದು, ದಿಕ್ಕು ದಿಕ್ಕಿಗೂ ಮೇಣದ ಬತ್ತಿ ಹಚ್ಚಿ, ಒಂದೊಂದು ಹೆಸರು ಕೂಗಿದರು. ಆ ಪುಟ್ಟ ದೇಹದಿಂದ ಅಂಥ ದನಿ ಎಲ್ಲಿಂದ ಬಂತೋ ಕಾಣೆ. ರಟ್ಟಿನ ಡಬ್ಬ, ವಾಷಿಂಗ್ ಮೆಷೀನು ತುಂಬಿದ್ದ ಗ್ಯಾರೇಜಿನಲ್ಲಿ ಗರ್ಭಗುಡಿಯ ಮುಂದೆ ನಿಂತಂತಾಯಿತು. "ಈಗ ಅವಳನ್ನು ಹೆಸರು ಹಿಡಿದು ಕರೆ" ಎಂದರು. ಹೆಸರೇ ಇಟ್ಟಿರಲಿಲ್ಲ. ನಿಂತಲ್ಲೇ ಇಟ್ಟೆ, ಕರೆದೆ, ಮನಸಾರೆ ಅತ್ತೆ.

ಶೇಷಾದ್ರಿಗೆ ಹೇಳಿದೆ. "ಏಜ್ಡ್ ಲೇಡಿಗೆ ಯಾಕೆ ಸುಮ್ನೆ ಟ್ರಬಲ್ ಕೊಟ್ಟೆ ಪ್ರಭಾ?" ಅಂದರು. ಆಮೇಲೆ, "ಏನು ಹೆಸ್ರು ಇಟ್ಟೆ?" ಎಂದು ಕೇಳಿ ಮುಖ ತಿರುಗಿಸಿಕೊಂಡರು.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡು, ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತ ನೂರು ಕಾಲ ಬಾಳಲಿ.

ನಿನ್ನ ತಂಗಿ,
ಪ್ರಭಾ

ತಾ.ಕ.: ನಿನ್ನ ಎರಡೂ ಕಾಗದದಲ್ಲಿ 'ಆ ವಿಷಯ ಮರೆತುಬಿಡು' ಎಂದು ಬರೆದಿದ್ದೀಯ. ಮುಖ ನೋಡಬೇಡ, ಹೆಸರಿಡಬೇಡ ಅಂತ ಅಮ್ಮನೂ ಫೋನಿನಲ್ಲಿ ಹೇಳಿದ್ದಳು. ನಾನು ನೋಡಿದ್ದೆ ಅಕ್ಕ. ಮೂಗು ನಿನ್ನದೇ. ಅವಳ ಹೆಸರು ನಿಹಾರಿಕಾ. ಇನ್ನು ಮೇಲೆ ಅವಳನ್ನು 'ಆ ವಿಷಯ' ಅನ್ನಬೇಡ.