ಹೊಟ್ಟೆಕಿಚ್ಚಿನ ಹನ್ನೆರಡು ಅಕ್ಷರ

ಭಾನುವಾರ, ಮಧ್ಯಾಹ್ನ ಮೂರು ಗಂಟೆ
ನಮ್ಮ (ಈಗ ನನ್ನೊಬ್ಬಳದೇ ಆದ) ಕೋಣೆಯಿಂದ

ಒಂದೇ ತಾಯಿಯ ಹೊಟ್ಟೆಯಲ್ಲಿ ನನಗಿಂತ ಐದು ವರ್ಷ ಮೊದಲೇ ಜಾಗ ಹಿಡಿದು, ಅಂದಿನಿಂದ ಒಳ್ಳೆಯ ಜಾಗಗಳನ್ನೆಲ್ಲ ತಾನೇ ಹಿಡಿಯುತ್ತ ಬಂದಿರುವ ಅಕ್ಕನಿಗೆ,

ನಿನ್ನ ಏಕೈಕ ತಂಗಿ ಮಾಡುವ ಯುದ್ಧಘೋಷಣೆ ಏನೆಂದರೆ, ನಾನು ಸೇಡು ತೀರಿಸಿಕೊಂಡಾಗಿದೆ. ಯುದ್ಧ ಮುಗಿದ ಮೇಲೆ ಘೋಷಣೆ ಮಾಡುವುದು ಪದ್ಧತಿಯಲ್ಲ ಎಂದು ನೀನು ತಕರಾರು ತೆಗೆಯಬಹುದು. ಮೊದಲೇ ಮಾಡೋಣವೆಂದರೆ ನೀನು ನನ್ನ ಕರೆ ತೆಗೆಯುವುದಿಲ್ಲ, ಮೆಸೇಜು ನೋಡುವುದಿಲ್ಲ. ಲಕೋಟೆಯನ್ನು ಬ್ಲಾಕ್ ಮಾಡುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಾದ್ದರಿಂದ ಕಾಗದದ ಮೊರೆ ಹೋಗಿದ್ದೇನೆ.

ಮೊದಲು ನಿನ್ನ ಮೇಲಿನ ಆರೋಪ. ಹೋದ ತಿಂಗಳು ನೀನು ಮನೆ ಬಿಟ್ಟು ಆಫೀಸಿನ ಪಕ್ಕದ ರೂಮಿಗೆ ಹೋಗುವಾಗ ನಿನ್ನ ಹನ್ನೊಂದು ವರ್ಷದ ಲ್ಯಾಪ್‌ಟಾಪನ್ನು ನನ್ನ ಹಾಸಿಗೆಯ ಮೇಲೆ ಎಸೆದು ಹೋದೆ. ಅದನ್ನು ನಾನು ಉಡುಗೊರೆ ಎಂದೇ ತಿಳಿದೆ. ಹೋಗುವ ದಿನ ಬೆಳಿಗ್ಗೆ ಮನೆಯ ವೈಫೈ ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನು ಅಮ್ಮನ ಕಿವಿಯಲ್ಲಿ ಮಾತ್ರ ಹೇಳಿ ಹೋಗಿದ್ದೆ ಎಂಬುದು ತಿಳಿದದ್ದು ಆಮೇಲೆ. ಅಮ್ಮನ ಫೋನು ಗುಂಡಿ ಒತ್ತುವ ಫೋನು. ಅಪ್ಪನದೂ ಅದೇ. ನನ್ನದು ಬಕೆಟ್ಟಿಗೆ ಬಿದ್ದು ರಿಪೇರಿಯವನ ಡಬ್ಬಿಯಲ್ಲಿ ಮಲಗಿತ್ತು. ಅಂದರೆ ಆ ಪಾಸ್‌ವರ್ಡ್ ಬೇಕಾಗುವ ಜೀವ ಈ ಮನೆಯಲ್ಲಿ ಒಂದೇ ಒಂದು, ಅದು ನಾನು.

ಮತ್ತು ನಿನಗೆ ಗೊತ್ತಿತ್ತು, ಮೊನ್ನೆಯದಲ್ಲ, ಅದರ ಹಿಂದಿನ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ನಾನು ಶಬ್ದಶಾಲೆಗೆ ಅರ್ಜಿ ಕಳಿಸಬೇಕಿತ್ತು ಎಂದು. ಇಡೀ ಶಾಲೆಗೆ ಹತ್ತು ಸೀಟು. ರೇಡಿಯೋ ನಾಟಕಕ್ಕೆ ಬಾಗಿಲು ಕಿರುಗುಟ್ಟಿಸುವುದು, ಕುದುರೆ ಓಡಿಸುವುದು, ಗಾಜು ಒಡೆಯುವುದು ಎಲ್ಲವನ್ನೂ ಕಲಿಸುತ್ತಾರೆ. ಮೂರನೇ ಕ್ಲಾಸಿನಿಂದ ನಾನು ಬಾಯಲ್ಲಿ ಮಾಡಿಕೊಂಡು ಏಟು ತಿಂದದ್ದನ್ನೇ ಅಲ್ಲಿ ಪಾಠ ಎನ್ನುತ್ತಾರೆ. ಹತ್ತೊಂಬತ್ತು ತುಂಬಿದರೆ ಸೇರಿಸಿಕೊಳ್ಳುವುದಿಲ್ಲ, ನನಗೆ ಬರುವ ತಿಂಗಳು ತುಂಬುತ್ತದೆ. ಅರ್ಜಿಯ ಜೊತೆ ಮೂರು ಶಬ್ದ ಕಳಿಸಬೇಕು: ಒಂದು ವಸ್ತುವಿನದು, ಒಂದು ಪ್ರಾಣಿಯದು, ಒಂದು ಮನುಷ್ಯನ ದನಿ, ಅದು ನಟಿಸಿದ್ದಾಗಿರಬಾರದು. ಮೂರೂ ಇದ್ದದ್ದು ನಿನ್ನ ಆ ಪೆಟ್ಟಿಗೆಯೊಳಗೆ. ಪೆನ್‌ಡ್ರೈವ್ ಚುಚ್ಚುವ ತೂತುಗಳು ಎರಡೂ ಸತ್ತು ಎಷ್ಟೋ ವರ್ಷವಾಗಿರುವ ಪೆಟ್ಟಿಗೆ ಅದು. ನೆಟ್ ಬಂದರೆ ಮಾತ್ರ ಅದರೊಳಗಿನದು ಹೊರಗೆ.

ನಾನು ಬೆಳಿಗ್ಗೆ ಒಂಬತ್ತಕ್ಕೆ ಕೂತೆ. ಲ್ಯಾಪ್‌ಟಾಪಿಗೆ ನಮ್ಮ ವೈಫೈ ಕಾಣಿಸಲೇ ಇಲ್ಲ. ನಮ್ಮದಷ್ಟೇ ಅಲ್ಲ, ಪಕ್ಕದ ಮನೆಯದೂ ಇಲ್ಲ, ಎದುರು ಮನೆಯದೂ ಇಲ್ಲ, ಪ್ರಪಂಚದಲ್ಲಿ ವೈಫೈ ಎಂಬುದೇ ಹುಟ್ಟಿಲ್ಲ ಎಂಬಂತೆ ಅದು ಖಾಲಿ ಮುಖ ಮಾಡಿಕೊಂಡು ಕೂತಿತ್ತು. ಅಪ್ಪ ರೌಟರನ್ನು ಆರಿಸಿ ಹಚ್ಚಿದರು. ಚಪ್ಪಲಿ ಗೂಡಿನ ಮೇಲಿಂದ ಎತ್ತಿ ಬೀರುವಿನ ಮೇಲಿಟ್ಟರು. ಎತ್ತರದಲ್ಲಿದ್ದರೆ ಚೆನ್ನಾಗಿ ಬೀಸುತ್ತದೆ ಎಂದರು, ಫ್ಯಾನಿನ ವಿಷಯ ಮಾತಾಡುವವರ ಹಾಗೆ. ಆಮೇಲೆ ಅದರ ಎರಡು ಕಡ್ಡಿಗಳನ್ನು ನನ್ನ ಕಡೆ ತಿರುಗಿಸಿ, ಇಷ್ಟಾದರೂ ಬರದಿದ್ದರೆ ಅದು ನಿನ್ನ ಹಣೆಬರಹ ಎಂದು ಪೇಪರು ತೆಗೆದುಕೊಂಡು ಹೋದರು. ಹನ್ನೊಂದೂವರೆಗೆ ಅಮ್ಮ ಮೇಜು ಒರೆಸುತ್ತ ಲ್ಯಾಪ್‌ಟಾಪಿನ ಮುಂದಿನ ಅಂಚನ್ನೂ ಒರೆಸಿದಳು. ಉಗುರಿನಷ್ಟು ಸಣ್ಣ ಗುಂಡಿಯೊಂದು ಅಲ್ಲಿ ಪಕ್ಕಕ್ಕೆ ಜಾರಿತು. ನೀಲಿ ದೀಪ ಹತ್ತಿತು. ಹದಿನಾಲ್ಕು ಮನೆಗಳ ವೈಫೈ ಸಾಲಾಗಿ ಬಂದು ನಿಂತವು.

ಅದಕ್ಕೊಂದು ಸ್ವಿಚ್ ಇದೆ ಎಂದು, ಅದನ್ನು ಸೆಕೆಂಡ್ ಹ್ಯಾಂಡ್ ತಂದು ಏಳು ವರ್ಷ ಬಳಸಿದ ನೀನು ಒಂದು ಸಲವೂ ಹೇಳಲಿಲ್ಲ. ಇದು ಆರೋಪ ನಂಬರ್ ಎರಡು.

ಆಮೇಲೆ ಅಮ್ಮನನ್ನು ಪಾಸ್‌ವರ್ಡ್ ಕೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ವಲ್ಪ ನಾಚಿಕೊಂಡು, "ಹೊಟ್ಟೆಕಿಚ್ಚು" ಎಂದಳು. ಯಾರಿಗೆ ಎಂದು ಕೇಳಿದೆ. ಅದೇ ಕಣೆ, ಅದೇ ಪಾಸ್‌ವರ್ಡು, ಇಂಗ್ಲಿಷ್ ಅಕ್ಷರದಲ್ಲಿ ಹೊಡಿಬೇಕಂತೆ ಎಂದಳು.

ಅಕ್ಕಾ, ಆಗ ನಾನು ನಿನಗೆ ಮನಸ್ಸಿನಲ್ಲೇ ಎದ್ದು ನಿಂತು ಗೌರವ ಸಲ್ಲಿಸಿದೆ ಎಂದು ಇಲ್ಲಿ ದಾಖಲಿಸುತ್ತೇನೆ. ಯಾಕೆಂದರೆ ಆ ಕೀಬೋರ್ಡಿನಲ್ಲಿ ಉದುರಿಹೋಗಿರುವುದು ಒಂದೇ ಒಂದು ಕೀ, ಅದು ಎಚ್. ಆ ಎಚ್ ಇಲ್ಲದೆ ನೀನು ಕೊನೆಯ ಎರಡು ವರ್ಷ ಬೇರೆಲ್ಲಿಂದಲೋ ಎಚ್ ನಕಲು ಮಾಡಿ ತಂದು ತಂದು ಅಂಟಿಸಿ ವರದಿ ಬರೆದವಳು. ನನಗೆಂದು ಆರಿಸಿದ ಪದ ಎಚ್‌ನಿಂದಲೇ ಶುರುವಾಗಬೇಕೆ?

ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರಿಸಿ, ಬಾಣದ ಗುರುತನ್ನು ಬೆರಳಿನಿಂದ ಎಳೆದು ಒಂದೊಂದೇ ಅಕ್ಷರ ಒತ್ತಬಹುದು ಎಂದು ಕಂಡುಕೊಳ್ಳುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಆಗ ಶುರುವಾಯಿತು ನಿಜವಾದ ಗ್ರಹಚಾರ. ಕನ್ನಡದಲ್ಲಿ ಹೊಟ್ಟೆಕಿಚ್ಚಿಗೆ ಒಂದೇ ರೂಪ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಊರಿಗೊಂದು, ಮನೆಗೊಂದು, ಮೂಡಿಗೊಂದು. ಟಿ ಎರಡೋ ಒಂದೋ? ಚ್ಚ ಎಂಬುದಕ್ಕೆ ಸಿಎಚ್ ಒಂದೇ ಸಲವೋ, ಎರಡು ಸಿ ಒಂದು ಎಚ್ಚೋ, ಸಿಎಚ್ ಸಿಎಚ್ಚೋ? ಕೊನೆಗೆ ಯು ಒಂದೋ ಎರಡೋ? ಹೊಟ್ಟೆ ಬೇರೆ, ಕಿಚ್ಚು ಬೇರೆ ಎಂದು ನಡುವೆ ಜಾಗ ಬಿಟ್ಟಿದ್ದೀಯೋ? ಅಮ್ಮನನ್ನು ಕೇಳಿದರೆ, ಹೇಳಿದ ಹಾಗೆ ಬರಿ ಎನ್ನುತ್ತಾಳೆ. ಅಪ್ಪ ಪೇಪರಿನ ಹಿಂದಿನಿಂದಲೇ, ಕಿಚ್ಚಿಗೆ ಒತ್ತು ಜಾಸ್ತಿ ಕೊಡು ಎಂದರು. ಹದಿನೇಳು ಬಗೆಯ ಹೊಟ್ಟೆಕಿಚ್ಚು ಪಟ್ಟೆ. ಹದಿನೇಳನ್ನೂ ಅದು ಒಪ್ಪಲಿಲ್ಲ. ರಿಪೇರಿಯವನ ಅಂಗಡಿಗೆ ಓಡಿದರೆ ಬಾಗಿಲಿಗೆ ಬೀಗ, ಶುಕ್ರವಾರ ರಜೆ. ರೌಟರಿನ ಹಿಂದಿನ ತೂತಿಗೆ ಪಿನ್ನು ಚುಚ್ಚಿ ಎಲ್ಲ ಅಳಿಸಿಬಿಡೋಣ ಎಂದರೆ, ಮತ್ತೆ ಹೊಂದಿಸಲು ಕಂಪನಿಯವನು ಬರಬೇಕು, ಬಂದರೆ ಸೋಮವಾರ.

ನಾಲ್ಕು ಗಂಟೆಗೆ ಅಮ್ಮನ ಫೋನಿನಿಂದ ನಿನಗೆ ಕರೆ ಮಾಡಿದೆ. ಅಮ್ಮನೆಂದು ತಿಳಿದು ತೆಗೆದೆ. ನಾನೆಂದು ತಿಳಿದ ಮೇಲೂ ಇಡಲಿಲ್ಲ, ಅಷ್ಟು ಮಟ್ಟಿಗೆ ಸೇಡಿನ ರುಚಿ ನಿನಗೂ ಹತ್ತಿತ್ತು. ನಾನು ತುಂಬ ವಿನಯದಿಂದ ಸ್ಪೆಲ್ಲಿಂಗು ಕೇಳಿದೆ. ನೀನು ಏನು ಹೇಳಿದೆ ಎಂಬುದು ನನಗೆ ಬಾಯಿಪಾಠ:

"ಒಂದಕ್ಷರಕ್ಕೆ ಒಂದ್ಸಲ ತಪ್ಪಾಯ್ತು ಅನ್ನು. ಹನ್ನೆರಡು ಅಕ್ಷರ ಇದೆ. ಸರಿಯಾಗಿ ಹೇಳ್ಬೇಕು, ಗೊಣಗಿದ್ದು ಲೆಕ್ಕಕ್ಕಿಲ್ಲ."

ಅಪ್ಪ ಸೀನಿದ ಒಂದೇ ಒಂದು ಸೀನಿಗೆ ಹನ್ನೆರಡು ತಪ್ಪಾಯ್ತು. ಯಾವ ಕೋರ್ಟಿನಲ್ಲಿ ಇಂಥ ನ್ಯಾಯವಿದೆ?

ಸರಿ, ಒಂದಲ್ಲ. ಬರೆಯುವಾಗ ಪೆನ್ನು ತಡವರಿಸಿತು, ಆದ್ದರಿಂದ ತಿದ್ದುತ್ತೇನೆ. ಹನ್ನೊಂದು. ನೀನು ಆಫೀಸಿನಲ್ಲಿ ಆ ಗ್ರಂಥಾಲಯದ ನಕ್ಷೆ ತೋರಿಸುವ ಹಿಂದಿನ ದಿನ, ಲ್ಯಾಪ್‌ಟಾಪಿನ ಪರದೆಯಲ್ಲಿ ಪ್ರತಿ ಪುಟ ತಿರುಗಿಸಿದಾಗಲೂ ಅಪ್ಪನ ಸೀನು ಕೇಳುವ ಹಾಗೆ ನಾನು ಜೋಡಿಸಿದ್ದೆ. ಅಪ್ಪನ ಸೀನೆಂದರೆ ಬೀದಿಯ ಕೊನೆಯ ನಾಯಿಯೂ ಎದ್ದು ಕೂರುವಂಥದ್ದು. ಮೊದಲನೆಯದಕ್ಕೆ ಎಲ್ಲರೂ ನಕ್ಕು, ಐದನೆಯದಕ್ಕೆ ನಗು ನಿಂತು, ಹನ್ನೊಂದನೆಯದಕ್ಕೆ ನಿನ್ನ ಮೇಲಿನ ಸಾಹೇಬರು ಎದ್ದು ಹೋದರು ಎಂದು ಅಮ್ಮ ಹೇಳಿ ನನಗೆ ಗೊತ್ತು. ಗ್ರಂಥಾಲಯ ಬೇರೆಯವರ ಕೈಗೆ ಹೋಯಿತು, ನಿನ್ನನ್ನು ಶೌಚಾಲಯಗಳ ನಕ್ಷೆಗೆ ಹಾಕಿದರು ಎಂಬುದೂ ಗೊತ್ತು. ಆ ಗ್ರಂಥಾಲಯದ ಕಿಟಕಿಗಳನ್ನು ಮಾತ್ರವೇ ನೀನು ಆರು ವಾರ ಬರೆದಿದ್ದೆ. ಮಕ್ಕಳು ಕೂತು ಓದಲು ಕಿಟಕಿಯ ಕೆಳಗೆ ಅಗಲದ ಕಟ್ಟೆ ಬರಬೇಕು ಎಂದು ನಮ್ಮ ಕಿಟಕಿಯ ಮೇಲೆ ನನ್ನನ್ನೇ ಕೂರಿಸಿ ಟೇಪು ಹಿಡಿದು ಅಳೆದಿದ್ದೆ. ಇದನ್ನು ಬರೆಯುವ ಉದ್ದೇಶವಿರಲಿಲ್ಲ. ಬರೆದಾಯಿತು, ಇರಲಿ.

ನೀನು ಅಕ್ಷರ ಹೇಳಿದೆ, ನಾನು ಹನ್ನೆರಡು ಸಲ ತಪ್ಪಾಯ್ತು ಹೇಳಿದೆ. ಎಚ್, ತಪ್ಪಾಯ್ತು. ಓ, ತಪ್ಪಾಯ್ತು. ಟಿ, ತಪ್ಪಾಯ್ತು. ಇನ್ನೊಂದು ಟಿ. ಕೆ ಬಂದಾಗ ನಿನ್ನ ದನಿಯಲ್ಲಿ ನಗುವಿತ್ತು. ಎರಡನೆಯ ಎಚ್ಚಿಗೆ ನೀನು, ಕೇಳಿಸಲಿಲ್ಲ ಇನ್ನೊಂದು ಸಲ ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ, ಸಾಕು ಬಿಡೇ ಎಂದದ್ದು ನಿನಗೆ ಕೇಳಿಸಿತೋ ಇಲ್ಲವೋ. ಕೊನೆಯ ಯುಗೂ ತಪ್ಪಾಯ್ತು ಹೇಳಿ ನಾನು ಫೋನಿಡುವವಳಿದ್ದೆ. ಆಗ ನೀನು, ಅಷ್ಟು ಹೊತ್ತು ಇದ್ದ ದನಿಯೇ ಅಲ್ಲದ ದನಿಯಲ್ಲಿ, ಹೇಳಿದೆ:

"ಅವತ್ತು ಎಲ್ರೂ ನಕ್ಕಿದ್ದನ್ನ ನೀನು ಕೇಳಿಸ್ಕೊಂಡಿಲ್ಲ ಕಣೆ. ನಾನು ನಿಂತ್ಕೊಂಡು ಕೇಳಿಸ್ಕೊಂಡೆ."

ಅಷ್ಟು ಹೇಳಿ ನೀನೇ ಫೋನು ಇಟ್ಟೆ. ಆಮೇಲೆ ನೀನು ನನ್ನ ಜೊತೆ ಮಾತಾಡಿಲ್ಲ.

ಪಾಸ್‌ವರ್ಡ್ ಹಿಡಿಯಿತು. ಹಿಡಿದರೂ ಶಾಲೆಯ ಪುಟ ತೆರೆಯಲಿಲ್ಲ. ಯಾವ ಪುಟಕ್ಕೆ ಹೋದರೂ, ಇದು ಸುರಕ್ಷಿತವಲ್ಲ, ಹಿಂದೆ ಹೋಗು ಎಂದು ಗದರಿಸುತ್ತದೆ. ಗಡಿಯಾರ ನೋಡಿದರೆ ನಾಲ್ಕೂ ಮೂವತ್ತೆಂಟು. ಆದರೆ ಲ್ಯಾಪ್‌ಟಾಪಿನ ಮೂಲೆಯ ಗಡಿಯಾರದಲ್ಲಿ ಹನ್ನೊಂದು ವರ್ಷದ ಹಿಂದಿನ ಜನವರಿ ಒಂದು. ಒಳಗಿನ ಗುಂಡು ಬ್ಯಾಟರಿ ಸತ್ತು, ಅದು ಹುಟ್ಟಿದ ವರ್ಷಕ್ಕೇ ವಾಪಸು ಹೋಗಿ ಕೂತಿತ್ತು. ಅದರ ಲೆಕ್ಕದಲ್ಲಿ ನನಗೆ ಏಳು ವರ್ಷ, ನಿನಗೆ ಹನ್ನೆರಡು, ನಾವಿಬ್ಬರೂ ಇನ್ನೂ ಒಂದೇ ಹೊದಿಕೆಗಾಗಿ ಕಿತ್ತಾಡುವವರು. ಯಂತ್ರ ಹಾಗೇ ಇರಲಿ ಎಂದು ಒಂದು ಕ್ಷಣ ಅನಿಸಿತು. ಒಂದೇ ಕ್ಷಣ. ದಿನಾಂಕ ತಿದ್ದಿದೆ. ಪುಟ ತೆರೆಯಿತು.

ಇನ್ನು ನನ್ನ ಸೇಡು. ದಯವಿಟ್ಟು ಕೂತು ಓದು.

ವಸ್ತುವಿನ ಶಬ್ದಕ್ಕೆ ನಮ್ಮ ಹೊಲಿಗೆ ಯಂತ್ರವನ್ನು ಕಳಿಸಿದೆ. ಪ್ರಾಣಿಗೆ ಎದುರು ಮನೆಯ ಬೆಕ್ಕಿನ ಆಕಳಿಕೆ. ಮನುಷ್ಯನ ದನಿಗೆ ಮೊದಲೇ ತೆಗೆದಿಟ್ಟಿದ್ದು ಅಪ್ಪನ ಗೊರಕೆ. ಅದನ್ನು ಕಳಿಸಲಿಲ್ಲ. ನಿನ್ನನ್ನು ಕಳಿಸಿದೆ. ನಾನು ಅಮ್ಮನ ಫೋನನ್ನು ಸ್ಪೀಕರಿಗೆ ಹಾಕಿದ್ದೆ, ಲ್ಯಾಪ್‌ಟಾಪು ಪಕ್ಕದಲ್ಲೇ ಧ್ವನಿಮುದ್ರಣ ಮಾಡುತ್ತಿತ್ತು. ಅಕಸ್ಮಾತ್ತಾಗಿ ಆನ್ ಆಗಿ ಉಳಿದಿತ್ತು ಎಂದು ಅಮ್ಮನಿಗೆ ಹೇಳಿದ್ದೇನೆ. ನಿನಗೂ ಹಾಗೇ ಬರೆಯಬೇಕೆಂದಿದ್ದೆ. ಅಲ್ಲ. ನಿನ್ನ ನಂಬರು ಒತ್ತುವ ಮೊದಲೇ ನಾನೇ ಆನ್ ಮಾಡಿದ್ದು. ನೀನು ನನ್ನನ್ನು ಹೇಗೆ ಗೋಳುಹೊಯ್ದುಕೊಳ್ಳುತ್ತೀಯ ಎಂದು ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ, ಸಮಸ್ತ ಬಳಗಕ್ಕೆ ಕೇಳಿಸಬೇಕೆಂದು.

ನಾಲ್ಕೂ ಐವತ್ತೆರಡಕ್ಕೆ ಹೆಸರು ಹಾಕುವ ಜಾಗದಲ್ಲಿ "ಸೇಡು ತೀರಿಸಿಕೊಳ್ಳುವವಳ ದನಿ" ಎಂದು ಬರೆದು ಕಳಿಸಿಬಿಟ್ಟೆ. ಗುರುತು ಪರಿಚಯವಿಲ್ಲದ ಐದು ಜನ ಪರೀಕ್ಷಕರು ಕೋಣೆಯೊಂದರಲ್ಲಿ ಕೂತು ನಿನ್ನ ನಗುವನ್ನೂ ಕೇಳಿದ್ದಾರೆ, ಕೊನೆಯ ಆ ಮಾತನ್ನೂ ಕೇಳಿದ್ದಾರೆ. ನಿನ್ನ ಆಫೀಸಿನವರು ಕೇಳಿದ್ದು ಅಪ್ಪನ ಸೀನು. ಇವರು ಕೇಳಿದ್ದು ನಿನ್ನನ್ನು. ಯಾವುದು ದೊಡ್ಡ ಏಟು ಎಂದು ನೀನೇ ತೀರ್ಮಾನಿಸು.

ವೈಫೈ ಪಾಸ್‌ವರ್ಡನ್ನೂ ಬದಲಾಯಿಸಿದ್ದೇನೆ. ಈಗಿನದು "ಕ್ಷಮಿಸುವುದಿಲ್ಲ." ಕ್ಷ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಬಿಡುವಾದಾಗ ಯೋಚಿಸು. ನೀನು ಬರುವ ದಿನಕ್ಕೆ ಉಪಯೋಗವಾದೀತು.

ಪಶ್ಚಾತ್ತಾಪದ ಸುಳಿವೂ ಇಲ್ಲದ, ಗೆದ್ದು ಬೀಗುತ್ತಿರುವ,
ನೀನೇ ಹೆಸರಿಟ್ಟ
ಪಿಟೀಲು

ತಾ.ಕ.: ಹತ್ತು ಸೀಟಿನಲ್ಲಿ ಹತ್ತನೆಯದು ನನಗೆ ಬಂದಿದೆ. ಮೊನ್ನೆ ತಿಳಿಯಿತು. ಹೊಲಿಗೆ ಯಂತ್ರ ಸಾಧಾರಣ, ಬೆಕ್ಕು ಪರವಾಗಿಲ್ಲ, ಆದರೆ ಮೂರನೆಯ ದನಿಯ ಕೊನೆಯ ಎರಡು ವಾಕ್ಯಕ್ಕಾಗಿ ಸೀಟು ಕೊಡುತ್ತಿದ್ದೇವೆ ಎಂದು ಬರೆದಿದ್ದಾರೆ. ಜೊತೆಗೆ ಒಂದು ಷರತ್ತು: ಆ ದನಿ ಯಾರದೋ ಅವರ ಒಪ್ಪಿಗೆಯ ಹಾಳೆ ಸಹಿಯೊಂದಿಗೆ ಮಂಗಳವಾರದೊಳಗೆ ಕೈ ಸೇರಬೇಕು, ಇಲ್ಲದಿದ್ದರೆ ಸೀಟು ಹನ್ನೊಂದನೆಯವರಿಗೆ. ಆ ಹಾಳೆ ಇದರೊಳಗಿದೆ. ಈ ಲಕೋಟೆಯನ್ನು ಅಪ್ಪ ಈಗಲೇ ನಿನ್ನ ರೂಮಿನ ಬಾಗಿಲಿಗೆ ತಂದುಕೊಡುತ್ತಾರೆ. ಶಾಲೆಯ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಇನ್ನೊಂದು ಲಕೋಟೆಯೂ ಒಳಗಿದೆ, ನೀನು ಏನು ಗುರುತು ಹಾಕಿದೆ ಎಂದು ನನಗೆ ತೋರಿಸಬೇಕಾಗಿಲ್ಲ. ಹಾಳೆಯಲ್ಲಿ ಎರಡು ಚೌಕಗಳಿವೆ, "ಒಪ್ಪಿಗೆ ಇದೆ" ಮತ್ತು "ಒಪ್ಪಿಗೆ ಇಲ್ಲ." ನಿನ್ನ ಸಹಿ ಹಾಕಲು ನನಗೆ ಎಂಟನೇ ಕ್ಲಾಸಿನಿಂದಲೂ ಬರುತ್ತದೆ, ನಿನ್ನೆ ರಫ್ ಹಾಳೆಯ ಮೇಲೆ ಹಾಕಿಯೂ ನೋಡಿದೆ, ನೀನೇ ಹಾಕಿದಂತಿತ್ತು. ಆ ರಫ್ ಹಾಳೆಯನ್ನು ಹರಿದಿದ್ದೇನೆ. ಎರಡೂ ಚೌಕ ಖಾಲಿ ಇವೆ.